ಕಾಸರಗೋಡಿನಿಂದ ಮೊದಲ ರಾಕ್ ಶೋಗೆ: ವಾಪಸ್ ಬರುವ ದಾರಿಯಿಂದಲೇ ಪ್ಲಾನ್ ಶುರು ಮಾಡಿ

ಯಾವುದಾದರೂ ದೊಡ್ಡ ಬ್ಯಾಂಡ್ ಬೆಂಗಳೂರಿಗೋ ಮುಂಬೈಗೋ ಬರುತ್ತದೆ ಅಂತ ಸುದ್ದಿ ಆದ ಕೂಡಲೇ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರಲು ಶುರುವಾಗುತ್ತವೆ. "ಅಣ್ಣ, ಟಿಕೆಟ್ ಎಲ್ಲಿ ಸಿಗ್ತದೆ?" "ಫ್ಯಾನ್ ಪಿಟ್ ತಗೊಳ್ಳುವುದಾ, ಸಾದಾ ಸಾಕಾ?" "ಒಬ್ಬಳೇ ಹೋದರೆ ಎಂತಾದರೂ ತೊಂದರೆ ಉಂಟಾ?" ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರ, ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಟೈಪ್ ಮಾಡುವ ಬದಲು ಎಲ್ಲವನ್ನೂ ಇಲ್ಲೇ ಬರೆದಿದ್ದೇನೆ.

ಬೆಂಗಳೂರಿನವರು ಬರೆದ ಸಲಹೆಗಳು ಇಂಟರ್‌ನೆಟ್ಟಿನಲ್ಲಿ ಬೇಕಾದಷ್ಟು ಉಂಟು. ನಮಗೆ ಅವು ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತವೆ. ಅವರು ಶೋ ಮುಗಿದ ಮೇಲೆ ಆಟೋ ಹಿಡಿದು ಮನೆಗೆ ಹೋಗುತ್ತಾರೆ. ನಾವು ಘಾಟಿ ಇಳಿಯಬೇಕು. ಹಾಗಾಗಿ ಇಲ್ಲಿನ ಹಂತಗಳ ಕ್ರಮ ಸ್ವಲ್ಪ ಬೇರೆ.

1. ಮೊದಲು ಊರು ಮತ್ತು ಮೈದಾನ ಖಚಿತ ಮಾಡಿಕೊಳ್ಳಿ

ಟಿಕೆಟ್ ಆ್ಯಪ್‌ಗಳು ನೀವಿರುವ ಜಾಗ ನೋಡಿ ಕಾರ್ಯಕ್ರಮ ತೋರಿಸುತ್ತವೆ. ಕಾಸರಗೋಡು ಅಂತ ಇಟ್ಟರೆ ಸಿನಿಮಾ ಬಿಟ್ಟರೆ ಬೇರೆ ಹೆಚ್ಚೇನೂ ಕಾಣುವುದಿಲ್ಲ. ಊರಿನ ಜಾಗದಲ್ಲಿ ಮಂಗಳೂರು, ಕೊಚ್ಚಿ, ಬೆಂಗಳೂರು, ಮುಂಬೈ ಒಂದೊಂದಾಗಿ ಹಾಕಿ ನೋಡಿ. "ಶೋ ಆಗಿದ್ದೇ ಗೊತ್ತಾಗಲಿಲ್ಲ" ಅನ್ನುವವರಲ್ಲಿ ಹೆಚ್ಚಿನವರು ಇದನ್ನೇ ಮಾಡಿರುವುದಿಲ್ಲ. ಬ್ಯಾಂಡಿನ ಅಧಿಕೃತ ಪೇಜ್ ಫಾಲೋ ಮಾಡಿ ನೋಟಿಫಿಕೇಶನ್ ಆನ್ ಇಡಿ. ಅಲ್ಲಿ ಬಾರದ ದಿನಾಂಕವನ್ನು ಯಾರು ಎಷ್ಟೇ ಖಾತ್ರಿಯಿಂದ ಹೇಳಿದರೂ ನಂಬಬೇಡಿ.

ಹೊರದೇಶದ ಬ್ಯಾಂಡ್ ಆದರೆ ಹೆಚ್ಚಾಗಿ ಬೆಂಗಳೂರು ಅಥವಾ ಮುಂಬೈ ಕಡೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬಾರಿಸಿದ್ದನ್ನು ಆಗ ಹೋದವರು ಈಗಲೂ ಹೇಳಿಕೊಂಡು ತಿರುಗುತ್ತಾರೆ. ಆದರೆ ಎಲ್ಲರೂ ಬೆಂಗಳೂರಿಗೆ ಬರುತ್ತಾರೆ ಅಂತಿಲ್ಲ. 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ಬಂದಾಗ ನವಿ ಮುಂಬೈ ಮತ್ತು ಅಹಮದಾಬಾದ್ ಎರಡೇ ಊರು.

ನಮ್ಮ ಕಡೆಯ ಬ್ಯಾಂಡ್‌ಗಳದ್ದು ಬೇರೆ ಲೆಕ್ಕ. ಕೇರಳದ ತೈಕ್ಕುಡಂ ಬ್ರಿಡ್ಜ್, ಅವಿಯಲ್, ಬೆಂಗಳೂರಿನ ಸ್ವರಾತ್ಮ, ರಘು ದೀಕ್ಷಿತ್ ಪ್ರಾಜೆಕ್ಟ್, ಅಗಂ, ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಇಂಥವರೆಲ್ಲ ಕಾಲೇಜು ಫೆಸ್ಟು, ಊರ ಉತ್ಸವಗಳಲ್ಲೂ ಸಿಗುವಂಥವರು. ಸುರತ್ಕಲ್ ಎನ್‌ಐಟಿಕೆಯ 'ಇನ್ಸಿಡೆಂಟ್', ಕೋಝಿಕ್ಕೋಡ್ ಎನ್‌ಐಟಿಯ 'ರಾಗಂ' ಫೆಸ್ಟುಗಳ ಮೇಲೆ ಕಣ್ಣಿಡಿ. ಹೊರಗಿನವರಿಗೆ ಪ್ರವೇಶ ಉಂಟಾ ಅಂತ ಆ ವರ್ಷದ ನಿಯಮ ನೋಡಿಯೇ ಹೊರಡಿ. 2022ರ ಡಿಸೆಂಬರಿನಲ್ಲಿ ಬೇಕಲದಲ್ಲಿ ಬೀಚ್ ಫೆಸ್ಟ್ ಶುರುವಾದ ಮೇಲೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ವೇದಿಕೆ ನೋಡುವ ಅವಕಾಶ ಬಂದಿದೆ. ಮೊದಲ ಸಲಕ್ಕೆ ಇಂಥದ್ದೊಂದನ್ನು ನೋಡಿ, ಆಮೇಲೆ ದೊಡ್ಡ ಮೈದಾನಕ್ಕೆ ಹೋಗುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆದರೆ ಮೆಚ್ಚಿನ ಬ್ಯಾಂಡ್ ನಮ್ಮ ಅನುಕೂಲ ನೋಡಿಕೊಂಡು ಬರುವುದಿಲ್ಲ, ಅಲ್ವಾ?

ಇನ್ನೊಂದು ಮಾತು. "ಬೆಂಗಳೂರು" ಅಂದರೆ ಸಾಲದು. ಮೈದಾನದ ಹೆಸರನ್ನು ಮ್ಯಾಪಿನಲ್ಲಿ ಹಾಕಿ, ಮೆಜೆಸ್ಟಿಕ್‌ನಿಂದ ಎಷ್ಟು ದೂರ ನೋಡಿ. ತುಮಕೂರು ರಸ್ತೆಯ ಬಿಐಇಸಿ ಎಂಬ ದೊಡ್ಡ ಪ್ರದರ್ಶನ ಕೇಂದ್ರದ ಕಡೆ ಆದರೆ ಬಚಾವ್. 2024ರ ನವೆಂಬರಿನಿಂದ ಮೆಟ್ರೋ ಹಸಿರು ಮಾರ್ಗ ಅದರ ಹತ್ತಿರದ ಮಾದಾವರದ ತನಕ ಹೋಗುತ್ತದೆ. ಅರಮನೆ ಮೈದಾನ ಮೆಟ್ರೋಗೆ ಅಂಟಿಕೊಂಡಿಲ್ಲ. ಬಸ್ಸೋ ಆಟೋವೋ ಹಿಡಿಯಬೇಕು, ಮೇಖ್ರಿ ಸರ್ಕಲ್ ಟ್ರಾಫಿಕ್ಕಿನಲ್ಲಿ ನಿಲ್ಲಬೇಕು. ವಿಮಾನ ನಿಲ್ದಾಣದ ಆಚೀಚೆ ಇರುವ ಮೈದಾನ ಆದರೆ ರಾತ್ರಿ ಅಲ್ಲಿಂದ ಪೇಟೆಗೆ ಬರುವುದೇ ಒಂದು ಪ್ರಯಾಣ.

2. ವಾಪಸ್ ಬರುವುದು ಹೇಗೆ? ಟಿಕೆಟ್ ತೆಗೆಯುವ ಮೊದಲೇ ಉತ್ತರ ಬೇಕು

ಹೋಗುವುದು ಎಲ್ಲರಿಗೂ ಗೊತ್ತು. ಕೈಕೊಡುವುದು ವಾಪಸ್ ದಾರಿ.

ನಮ್ಮ ದೇಶದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಮೈಕ್ ಹಾಕುವಂತಿಲ್ಲ. ಸರ್ಕಾರ ವರ್ಷಕ್ಕೆ 15 ದಿನದ ಮಿತಿಯಲ್ಲಿ, ಹಬ್ಬ ಉತ್ಸವಗಳಿಗೆ ನಡುರಾತ್ರಿ ತನಕ ಸಡಿಲಿಕೆ ಕೊಡಬಹುದು, ಅಷ್ಟೇ. ಹಾಗಾಗಿ ಬಯಲು ಮೈದಾನದ ಶೋ ಸಾಮಾನ್ಯವಾಗಿ ಹತ್ತಕ್ಕೆ ಮುಗಿಯುತ್ತದೆ. ಜನ ಹೊರಗೆ ಬರುವಾಗ ಹತ್ತೂಮುಕ್ಕಾಲು, ಹನ್ನೊಂದು.

ಈಗ ಒಂದೊಂದೇ ಊರು ನೋಡೋಣ.

ಬೆಂಗಳೂರು: ನಮ್ಮ ಸ್ಟೇಷನ್ನುಗಳಿಗೆ ನೇರ ಬರುವ ಬೆಂಗಳೂರು–ಕಣ್ಣೂರು ರೈಲು ಮೆಜೆಸ್ಟಿಕ್‌ನಿಂದ ರಾತ್ರಿ ಒಂಬತ್ತೂವರೆ ಆಸುಪಾಸಿನಲ್ಲಿ ಹೊರಡುತ್ತದೆ. ಆ ಹೊತ್ತಿಗೆ ನಿಮ್ಮ ಬ್ಯಾಂಡ್ ಅತಿ ದೊಡ್ಡ ಹಾಡನ್ನು ಇನ್ನೂ ಶುರು ಮಾಡಿರುವುದಿಲ್ಲ. ಹೋಗುವಾಗ ಈ ರೈಲು ತುಂಬಾ ಚೆಂದ. ಸಂಜೆ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಶೋ ದಿನ ರಾತ್ರಿಗೆ ಮಾತ್ರ ಇದನ್ನು ಬುಕ್ ಮಾಡಬೇಡಿ. ತಡರಾತ್ರಿ ಬಸ್ಸಿಗೆ ಓಡುವ ಲೆಕ್ಕವನ್ನೂ ಹಾಕಬೇಡಿ. ಮೈದಾನದ ಹೊರಗೆ ಗಾಡಿಗಳು ಒಂದು ಗಂಟೆ ಅಲುಗಾಡದೆ ನಿಲ್ಲುವುದು ಮಾಮೂಲು. ಮೆಜೆಸ್ಟಿಕ್ ಹತ್ತಿರ ಒಂದು ಸಾದಾ ರೂಮ್ ಮಾಡಿ, ಮಲಗಿ, ಬೆಳಿಗ್ಗೆ ಬಸ್ ಹಿಡಿಯಿರಿ. ಮಂಗಳೂರಿಗೆ ಏಳೆಂಟು ಗಂಟೆ. ರಾತ್ರಿಯೇ ಬರುತ್ತೇನೆ ಅನ್ನುವವರು ಮರುದಿನ ರಾತ್ರಿಯ ರೈಲು ಹಿಡಿಯಲಿ, ಹಗಲಿಡೀ ಬೆಂಗಳೂರು ತಿರುಗಲಿ.

ಕೊಚ್ಚಿ: ನಮಗೆ ಅತಿ ಅನುಕೂಲದ ಊರು ಇದು. ತಿರುವನಂತಪುರದಿಂದ ಮಂಗಳೂರಿಗೆ ಬರುವ ಮಾವೇಲಿ, ಮಲಬಾರ್ ಎರಡೂ ರಾತ್ರಿ ಎರ್ನಾಕುಳಂ ದಾಟಿಕೊಂಡು ಬರುತ್ತವೆ. ಬೆಳಿಗ್ಗೆ ಕಾಸರಗೋಡಿನಲ್ಲಿ ಇಳಿಯಬಹುದು. ಆದರೆ ಎರಡು ಕಡೆ ಜನ ಎಡವುತ್ತಾರೆ. ಒಂದು, ಎರ್ನಾಕುಳಂನಲ್ಲಿ ಎರಡು ಸ್ಟೇಷನ್. ಆಲಪ್ಪುಳ ದಾರಿಯ ಮಾವೇಲಿ ಜಂಕ್ಷನ್‌ಗೆ ಬರುತ್ತದೆ, ಅದನ್ನು ಅಲ್ಲಿನವರು ಸೌತ್ ಅನ್ನುತ್ತಾರೆ. ಕೋಟ್ಟಯಂ ದಾರಿಯ ಮಲಬಾರ್ ಟೌನ್‌ಗೆ ಬರುತ್ತದೆ, ಅದು ನಾರ್ತ್. ಟಿಕೆಟ್ಟಿನಲ್ಲಿ ಯಾವುದು ಅಂತ ಓದಿಕೊಂಡೇ ಆಟೋ ಹತ್ತಿ. ಎರಡನೆಯದು, ದಿನಾಂಕ. ರೈಲು ಆ ಸ್ಟೇಷನ್ನಿಗೆ ಬರುವುದು ರಾತ್ರಿ 12 ದಾಟಿದ ಮೇಲೆ ಆದರೆ ಟಿಕೆಟ್ ಮರುದಿನದ ತಾರೀಕಿನದ್ದು ಇರಬೇಕು. ಅಂಥ ರೈಲಿಗೆ, ಶನಿವಾರ ಶೋ ಅಂತ ಶನಿವಾರದ ಟಿಕೆಟ್ ತೆಗೆದರೆ ನಿಮ್ಮ ರೈಲು ಶುಕ್ರವಾರ ಮಲಗಿದ ಸ್ವಲ್ಪ ಹೊತ್ತಿಗೇ ಹೋಗಿರುತ್ತದೆ.

ಮುಂಬೈ: ದೊಡ್ಡ ಶೋಗಳಲ್ಲಿ ಕೆಲವು ನಡೆಯುವುದು ನವಿ ಮುಂಬೈಯ ನೆರೂಳ್‌ನಲ್ಲಿರುವ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ. ಇದು ಕೊಂಕಣ ರೈಲಿನವರಿಗೆ ಲಾಭ. ಕಾಸರಗೋಡಿನಲ್ಲಿ ನಿಲ್ಲುವ ನೇತ್ರಾವತಿ ಪನ್ವೇಲ್‌ನಲ್ಲೂ ನಿಲ್ಲುತ್ತದೆ. ಅಲ್ಲೇ ಇಳಿದು ಹಾರ್ಬರ್ ಲೈನಿನ ಲೋಕಲ್ ಹತ್ತಿದರೆ ನೆರೂಳ್ ಅದೇ ದಾರಿಯಲ್ಲಿ ಸಿಗುತ್ತದೆ. ರೈಲು ಕೊನೆಯಾಗುವ ಕುರ್ಲಾ ತನಕ ಹೋಗಿ ವಾಪಸ್ ಬರುವ ಕೆಲಸವೇ ಇಲ್ಲ. ರೂಮನ್ನೂ ಪನ್ವೇಲ್, ನೆರೂಳ್ ಕಡೆಯೇ ನೋಡಿ. ಹೋಗುವುದು ಮಾತ್ರ ಹಿಂದಿನ ದಿನವೇ ತಲುಪುವ ಹಾಗೆ. ಶೋ ದಿನ ಮಧ್ಯಾಹ್ನ ಇಳಿಯುವ ರೈಲನ್ನು ನಂಬಿ ಹೋಗುವುದು ಧೈರ್ಯ ಅಲ್ಲ, ಹುಂಬತನ.

ಮಂಗಳೂರು: ಐವತ್ತು ಕಿಲೋಮೀಟರಿನ ಒಳಗೇ ಉಂಟು ಅಂತ ಜನ ಉದಾಸೀನ ಮಾಡುತ್ತಾರೆ. ಕಾಸರಗೋಡು ಪೇಟೆಗೆ ಹೇಗಾದರೂ ಬಂದೀರಿ. ಪೇಟೆಯಿಂದ ಬದಿಯಡ್ಕಕ್ಕೋ ಮುಳ್ಳೇರಿಯಕ್ಕೋ ಆ ಹೊತ್ತಿಗೆ ಬಸ್ ಎಲ್ಲಿಯದು? ಸ್ಕೂಟರನ್ನು ರೈಲ್ವೆ ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ಇಟ್ಟು ಹೋಗಿ. ಅಥವಾ ಪೇಟೆಯಲ್ಲಿರುವ ಗೆಳೆಯನ ಮನೆಯಲ್ಲಿ ಮಲಗುವ ಏರ್ಪಾಡು ಮಾಡಿ.

ರೈಲಿನ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರಿಗೆ ಮೊದಲು ಇದು 120 ದಿನ ಇತ್ತು. ಶೋ ಟಿಕೆಟ್ ಎಷ್ಟೋ ಸಲ ಅದಕ್ಕಿಂತ ಮೊದಲೇ ಮಾರಾಟಕ್ಕೆ ಬರುತ್ತದೆ. ಹಾಗಾಗಿ ಶೋ ಟಿಕೆಟ್ ಸಿಕ್ಕಿದ ದಿನವೇ ಲೆಕ್ಕ ಹಾಕಿ, ಬುಕಿಂಗ್ ತೆರೆಯುವ ದಿನಕ್ಕೆ ಫೋನಿನಲ್ಲಿ ಅಲಾರಾಂ ಇಡಿ. ತಪ್ಪಿದರೆ ತತ್ಕಾಲ್. ರೈಲು ಹೊರಡುವ ಹಿಂದಿನ ದಿನ ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ. ವಾರಾಂತ್ಯದ ಬೆಂಗಳೂರು ರೈಲಿಗೆ ತತ್ಕಾಲ್ ನೆಚ್ಚಿಕೊಂಡು ಕೂರಬೇಡಿ.

ಎಚ್ಚರಿಕೆ: ಮಳೆಗಾಲದ ಶೋ ಆದರೆ ಶಿರಾಡಿ ಘಾಟಿ ರಸ್ತೆ, ಸಕಲೇಶಪುರ–ಸುಬ್ರಹ್ಮಣ್ಯ ರೈಲು ದಾರಿ ಎರಡರಲ್ಲೂ ಗುಡ್ಡ ಜರಿಯುವುದುಂಟು. ಜುಲೈ, ಆಗಸ್ಟಿನಲ್ಲಿ ಹೋಗುವುದಾದರೆ ಒಂದು ದಿನ ಕೈಯಲ್ಲಿಟ್ಟುಕೊಂಡು ಹೋಗಿ.

3. ಟಿಕೆಟ್ ತೆಗೆಯುವುದು

ಬುಕ್‌ಮೈಶೋ ಮತ್ತು ಡಿಸ್ಟ್ರಿಕ್ಟ್, ಈ ಎರಡು ಆ್ಯಪ್‌ಗಳಲ್ಲಿ ಒಂದು ಕಡೆ ಸಾಮಾನ್ಯವಾಗಿ ಮಾರಾಟ ಇರುತ್ತದೆ. ಯಾವುದರಲ್ಲಿ ಅಂತ ಬ್ಯಾಂಡಿನ ಪೇಜಿನಲ್ಲಿರುವ ಲಿಂಕಿನಿಂದಲೇ ಹೋಗಿ.

ಪ್ರೀಸೇಲ್ ಅಂದರೆ ಎಲ್ಲರಿಗೂ ಮಾರುವ ಮೊದಲು ಕೆಲವರಿಗೆ ಮಾತ್ರ ಮಾರುವುದು. ಸಾಮಾನ್ಯವಾಗಿ ಯಾವುದೋ ಒಂದು ಬ್ಯಾಂಕಿನ ಕಾರ್ಡ್ ಇದ್ದವರಿಗೆ, ಇಲ್ಲವೇ ಮೊದಲೇ ಹೆಸರು ನೋಂದಾಯಿಸಿದವರಿಗೆ. ವೇಟಿಂಗ್ ರೂಮ್ ಅಂದರೆ ಆನ್‌ಲೈನ್ ಸಾಲು. ನಿಮ್ಮ ಮುಂದೆ ಎಷ್ಟು ಜನ ಅಂತ ಪರದೆಯಲ್ಲಿ ತೋರಿಸುತ್ತದೆ. 2024ರ ಸೆಪ್ಟೆಂಬರ್ 22ರಂದು ಕೋಲ್ಡ್‌ಪ್ಲೇ ಟಿಕೆಟ್ ಬಿಟ್ಟಾಗ ನುಗ್ಗಿದ ಜನಕ್ಕೆ ಸೈಟೇ ಕೂತುಬಿಟ್ಟಿತ್ತು. ಸಾಲಿನಲ್ಲಿ ಇರುವಾಗ ಪೇಜನ್ನು ರಿಫ್ರೆಶ್ ಮಾಡಬೇಡಿ. ಮಾಡಿದರೆ ಸಾಲಿನ ಬುಡಕ್ಕೆ ಹೋಗುವ ಸಾಧ್ಯತೆ ಜಾಸ್ತಿ. ಹಿಂದಿನ ರಾತ್ರಿಯೇ ಲಾಗಿನ್ ಆಗಿ, ಫೋನ್ ನಂಬರು, ಕಾರ್ಡು ಸೇವ್ ಮಾಡಿಡಿ. ಯುಪಿಐ ಆದರೆ ನಿಮ್ಮ ದಿನದ ಮಿತಿ ಎಷ್ಟು ಅಂತ ನೋಡಿಕೊಳ್ಳಿ. ನಾಲ್ಕು ಜನರದ್ದು ಒಟ್ಟಿಗೆ ತೆಗೆಯುವಾಗ ಮಿತಿ ದಾಟಿ ಪಾವತಿ ಬಿದ್ದುಹೋದರೆ ಆಗ ಅಳುವುದೊಂದೇ ಬಾಕಿ. ಮನೆಯ ವೈಫೈ ಮಳೆಗೆ ಮಿಂಚಿಗೆ ಹೋಗುವಂಥದ್ದಾದರೆ ಪೇಟೆಯಲ್ಲಿ ಎಲ್ಲಾದರೂ ಕೂತು ಮಾಡಿ.

ಪರದೆಯಲ್ಲಿ ಕಾಣುವ ಬೆಲೆಯೇ ಕೊನೆಯ ಬೆಲೆ ಅಲ್ಲ. ತೆರಿಗೆ, ಬುಕಿಂಗ್ ಶುಲ್ಕ ಸೇರಿ ಕೊನೆಯ ಪುಟದಲ್ಲಿ ಮೊತ್ತ ಏರುತ್ತದೆ. ಬಜೆಟ್ ಅನ್ನು ಆ ಮೊತ್ತಕ್ಕೆ ಹಾಕಿ.

ಟಿಕೆಟ್ ಖಾಲಿ ಆಯಿತು ಅಂತಾದರೆ? ಅದೇ ಆ್ಯಪಿನಲ್ಲಿ ಅಧಿಕೃತ ಮರುಮಾರಾಟ ಇದ್ದರೆ ಅಲ್ಲಿ ಕಾಯಿರಿ. ದೊಡ್ಡ ಶೋಗಳಿಗೆ ಕೊನೆಯ ವಾರದಲ್ಲಿ ಸ್ವಲ್ಪ ಟಿಕೆಟ್ ಮತ್ತೆ ಬಿಡುವುದೂ ಉಂಟು. ಟೆಲಿಗ್ರಾಂ ಗುಂಪಿನಲ್ಲಿ, ಇನ್‌ಸ್ಟಾಗ್ರಾಂ ಕಮೆಂಟಿನಲ್ಲಿ "ಎಕ್ಸ್‌ಟ್ರಾ ಟಿಕೆಟ್ ಇದೆ, ಅರ್ಧ ಅಡ್ವಾನ್ಸ್ ಹಾಕಿ" ಅನ್ನುವವರಿಗೆ ಹಣ ಹಾಕಬೇಡಿ. ಒಂದೇ ಕ್ಯೂಆರ್ ಕೋಡಿನ ಸ್ಕ್ರೀನ್‌ಶಾಟ್ ಹತ್ತು ಜನರಿಗೆ ಮಾರಿದರೆ ಗೇಟಿನಲ್ಲಿ ಮೊದಲು ಸ್ಕ್ಯಾನ್ ಮಾಡಿದವನಿಗೆ ಮಾತ್ರ ಒಳಗೆ ಜಾಗ. ಉಳಿದವರು ಬೆಂಗಳೂರು ನೋಡಿ ಬರಬೇಕು.

ಹಣ ಕೊಡುವ ಮೊದಲು ಸಣ್ಣ ಅಕ್ಷರದ ನಿಯಮಗಳಲ್ಲಿ ಮೂರನ್ನಾದರೂ ಓದಿ: ವಯಸ್ಸಿನ ಮಿತಿ, ಒಮ್ಮೆ ಹೊರಗೆ ಹೋದರೆ ಮತ್ತೆ ಬಿಡುತ್ತಾರಾ, ಶೋ ರದ್ದಾದರೆ ಹಣ ವಾಪಸ್ ಹೇಗೆ. ರದ್ದಾಗುವುದು ಬರೇ ಕಾಗದದ ಮಾತಲ್ಲ. 2011ರಲ್ಲಿ ಮೆಟಾಲಿಕಾ ಬೆಂಗಳೂರಿನಲ್ಲಿ ಬಾರಿಸುವ ಎರಡು ದಿನ ಮೊದಲು ಗುರಗಾಂವ್‌ನಲ್ಲಿ ಬಾರಿಸಬೇಕಿತ್ತು. ಜನ ಮೈದಾನಕ್ಕೆ ಬಂದಾದ ಮೇಲೆ ಆ ಶೋ ನಿಂತಿತು. ಆಯೋಜಕರು ಶೋ ಟಿಕೆಟ್ಟಿನ ಹಣ ಕೊಟ್ಟಾರು, ರೂಮು, ರೈಲಿನದ್ದು ಕೊಡುವುದಿಲ್ಲ. ರೂಮ್ ಬುಕ್ ಮಾಡುವಾಗ ರದ್ದು ಮಾಡಿದರೆ ಹಣ ವಾಪಸ್ ಬರುವಂಥದ್ದನ್ನೇ ತೆಗೆದುಕೊಳ್ಳಿ, ನೂರಿನ್ನೂರು ಜಾಸ್ತಿ ಆದರೂ ಪರವಾಗಿಲ್ಲ.

4. ಯಾವ ಜಾಗದ ಟಿಕೆಟ್?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು, ಅತಿ ಹೆಚ್ಚು ದುಡ್ಡು ಸುಮ್ನೆ ಹೋಗುವುದೂ ಇಲ್ಲೇ.

ಫ್ಯಾನ್ ಪಿಟ್ ಅಂದರೆ ವೇದಿಕೆಯ ಎದುರು ಬೇಲಿ ಹಾಕಿದ, ನಿಂತು ನೋಡುವ ಜಾಗ. ಜನರಲ್ ಅಥವಾ ಜಿಎ ಅಂದರೆ ಅದರ ಹಿಂದೆ, ಅದೂ ನಿಂತೇ. ಲೌಂಜ್ ಅಂದರೆ ಬದಿಯಲ್ಲಿ ಎತ್ತರ ಮಾಡಿದ, ಕುರ್ಚಿ ಮತ್ತು ಊಟ ಇರುವ ದುಬಾರಿ ಜಾಗ. ಅಲ್ಲಿಗೆ ಬರುವವರಲ್ಲಿ ಅರ್ಧ ಜನ ಬ್ಯಾಂಡಿಗೆ ಬೆನ್ನು ಹಾಕಿ ಮಾತಾಡುತ್ತಿರುತ್ತಾರೆ, ನನಗೆ ಅದು ಬೇಡವೇ ಬೇಡ. ಸ್ಟೇಡಿಯಂ ಆದರೆ ಮೇಲಿನ ಸೀಟುಗಳೂ ಇರುತ್ತವೆ.

ಮುಂದೆ ನಿಂತರೆ ಶಬ್ದ ಚೆನ್ನಾಗಿರುತ್ತದೆ ಅನ್ನುವುದು ತಪ್ಪು. ಬೇಲಿಯ ಹತ್ತಿರ ನಿಂತರೆ ಡ್ರಮ್ಮು, ನಿಮ್ಮ ಬದಿಯ ಸ್ಪೀಕರು ಜೋರು, ಹಾಡುವವರ ಮಾತೇ ಸ್ಪಷ್ಟ ಇಲ್ಲ. ಮೈದಾನದ ನಡುವೆ ಒಂದು ಚಪ್ಪರ ಇರುತ್ತದೆ, ಕೆಳಗೆ ಉದ್ದದ ಮಿಕ್ಸರ್ ಮೇಜು, ಲೈಟಿನ ಕಂಪ್ಯೂಟರುಗಳು. ಸೌಂಡಿನವರು ಅದನ್ನು ಎಫ್‌ಒಎಚ್ ಅನ್ನುತ್ತಾರೆ. ಇಡೀ ಶೋದ ಶಬ್ದವನ್ನು ಒಬ್ಬ ಎಂಜಿನಿಯರ್ ಅಲ್ಲಿ ನಿಂತು, ಅಲ್ಲಿಗೆ ಕೇಳುವುದನ್ನು ನೋಡಿ ಹದ ಮಾಡುತ್ತಾನೆ. ಆ ಚಪ್ಪರದ ಮುಂದೆ ಅಥವಾ ಪಕ್ಕದಲ್ಲಿ ನಿಂತರೆ ಅವನು ಕೇಳಿದ್ದನ್ನೇ ನೀವೂ ಕೇಳುತ್ತೀರಿ. ಹೆಚ್ಚಿನ ಕಡೆ ಈ ಜಾಗ ಸಾದಾ ಟಿಕೆಟ್ಟಿನವರಿಗೇ ಸಿಗುತ್ತದೆ. ಬೆನ್ನಿಗೆ ಒರಗಲು ಅಲ್ಲಿನ ಬೇಲಿ ಇರುತ್ತದೆ, ಹಿಂದಿನಿಂದ ಯಾರೂ ತಳ್ಳುವುದಿಲ್ಲ. ಕುಳ್ಳಗಿರುವವರಿಗಂತೂ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ತೀರಾ ಹಿಂದೆ ಹೋದರೆ ಇನ್ನೊಂದು ಸಂಗತಿ ಗಮನಿಸಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಹೋಗುತ್ತದೆ. ನೂರು ಮೀಟರ್ ಹಿಂದೆ ನಿಂತವರಿಗೆ ಡ್ರಮ್ಮರಿನ ಕೋಲು ಬಿದ್ದದ್ದು ಕಂಡು, ಸೆಕೆಂಡಿನ ಹೆಚ್ಚು ಕಡಿಮೆ ಮೂರನೇ ಒಂದು ಭಾಗ ಆದ ಮೇಲೆ ಏಟು ಕೇಳುತ್ತದೆ. ಅದಕ್ಕೇ ದೊಡ್ಡ ಮೈದಾನದಲ್ಲಿ ನಡುವೆ ಸ್ಪೀಕರ್ ಕಟ್ಟಿದ ಕಂಬಗಳನ್ನು ನಿಲ್ಲಿಸುತ್ತಾರೆ. ಅವುಗಳ ಹೆಸರು ಡಿಲೇ ಟವರ್. ಮುಂದಿನ ಸ್ಪೀಕರಿನ ಶಬ್ದ ಅಲ್ಲಿಗೆ ತಲುಪುವ ಹೊತ್ತಿಗೇ ಇವು ಬಾರಿಸುವ ಹಾಗೆ ಬೇಕೆಂದೇ ತಡ ಮಾಡಿರುತ್ತಾರೆ. ಹಿಂದೆ ನಿಲ್ಲಬೇಕಾದರೆ ಆ ಕಂಬದ ಎದುರು, ಸ್ವಲ್ಪ ದೂರದಲ್ಲಿ ನಿಲ್ಲಿ.

ಫ್ಯಾನ್ ಪಿಟ್ ಯಾರಿಗೆ? ಹಾಡುವವರ ಮುಖ ಹತ್ತಿರದಿಂದ ನೋಡಲೇಬೇಕು, ಮಧ್ಯಾಹ್ನದಿಂದ ನಿಂತೇ ಇರುತ್ತೇನೆ, ನಡುವೆ ಮೂತ್ರಕ್ಕೂ ಹೋಗುವುದಿಲ್ಲ ಅನ್ನುವವರಿಗೆ. ಹೋದರೆ ಜಾಗ ಹೋಯಿತು.

5. ಹೊರಡುವುದಕ್ಕೆ ಹಿಂದಿನ ವಾರ

ಹಾಡು: ಸೆಟ್‌ಲಿಸ್ಟ್ ಅಂದರೆ ಆ ರಾತ್ರಿ ಬಾರಿಸುವ ಹಾಡುಗಳ ಪಟ್ಟಿ. ಪ್ರವಾಸದಲ್ಲಿರುವ ಬ್ಯಾಂಡ್ ಹೆಚ್ಚು ಕಡಿಮೆ ಅದೇ ಪಟ್ಟಿಯನ್ನು ಎಲ್ಲ ಊರಲ್ಲೂ ಬಾರಿಸುತ್ತದೆ, ಅಭಿಮಾನಿಗಳು ಅದನ್ನು ಆನ್‌ಲೈನಿನಲ್ಲಿ ಹಾಕುತ್ತಾರೆ. ನೋಡುವುದೋ ಬೇಡವೋ ನಿಮ್ಮ ಇಷ್ಟ. ನನ್ನ ಕೇಳಿದರೆ ಪಟ್ಟಿ ನೋಡಬೇಡಿ, ಹೊಸ ಆಲ್ಬಮ್ ಮಾತ್ರ ಎರಡು ಮೂರು ಸಲ ಕೇಳಿ. ಹಳೆಯ ಹಾಡು ನಿಮಗೆ ಬರುತ್ತದೆ. ಹೊಸತು ಬಾರಿಸುವಾಗ ಸುತ್ತಲಿನವರು ಕುಣಿಯುತ್ತಿದ್ದರೆ ನೀವೊಬ್ಬರೇ ಮಿಕಮಿಕ ನೋಡುವ ಹಾಗೆ ಆಗಬಾರದು.

ಕಿವಿ: ಇದನ್ನು ದಯವಿಟ್ಟು ಹಾರಿಸಿ ಓದಬೇಡಿ. 85 ಡೆಸಿಬೆಲ್ ಶಬ್ದವನ್ನು ಎಂಟು ಗಂಟೆ ಕೇಳಬಹುದು ಅಂತ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, ಹೀಗೆ ಹೋಗಿ 100ಕ್ಕೆ ಬರುವಾಗ ಹದಿನೈದೇ ನಿಮಿಷ. ರಾಕ್ ಶೋ 100ರ ಸುತ್ತಮುತ್ತ ಇರುತ್ತದೆ, ಎರಡು ಗಂಟೆ ನಡೆಯುತ್ತದೆ. "ಬಯಲಾಟದಲ್ಲಿ ಬೆಳಗಿನ ತನಕ ಚೆಂಡೆಯ ಎದುರು ಕೂತವನು ನಾನು, ನನಗೆ ಎಂತ ಆಗ್ತದೆ" ಅನ್ನಬೇಡಿ. ಚೆಂಡೆ ಬಿಟ್ಟು ಬಿಟ್ಟು ಬರುತ್ತದೆ, ಇದು ಬಿಡುವುದೇ ಇಲ್ಲ.

ಔಷಧಿ ಅಂಗಡಿಯಲ್ಲಿ ಅಥವಾ ಆನ್‌ಲೈನಿನಲ್ಲಿ ಫೋಮಿನ ಇಯರ್‌ಪ್ಲಗ್ ಸಿಗುತ್ತದೆ, ಬೆಲೆ ಹೆಚ್ಚೇನಿಲ್ಲ. ಹಾಕುವ ಕ್ರಮ ಸರಿ ಇರಬೇಕು. ಕೈ ಒಣಗಿರಲಿ. ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು ತೆಳ್ಳಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಆಗ ಕಿವಿಯ ದಾರಿ ನೆಟ್ಟಗಾಗುತ್ತದೆ. ಪ್ಲಗ್ ಒಳಗೆ ಹಾಕಿ, ಅದು ಉಬ್ಬುವ ತನಕ ಅರ್ಧ ನಿಮಿಷ ಬೆರಳಿನಿಂದ ಹಿಡಿದುಕೊಳ್ಳಿ. ನಿಮ್ಮದೇ ಮಾತು ನಿಮಗೆ ಗುಂಯ್ ಅಂತ ಒಳಗಿನಿಂದ ಕೇಳಿದರೆ ಸರಿಯಾಗಿ ಕೂತಿದೆ ಅಂತ ಅರ್ಥ. ಅರ್ಧ ಹೊರಗೆ ಇಣುಕುತ್ತಿದ್ದರೆ ಹಾಕಿ ಪ್ರಯೋಜನ ಇಲ್ಲ. ಮನೆಯಲ್ಲೇ ಒಮ್ಮೆ ಅಭ್ಯಾಸ ಮಾಡಿ. ಫೋಮ್ ಹಾಕಿದರೆ ಹಾಡು ಸ್ವಲ್ಪ ಮಂಕಾಗಿ ಕೇಳುತ್ತದೆ. ಅದು ಬೇಡ ಅಂದರೆ ಸಂಗೀತಕ್ಕೆಂದೇ ಮಾಡಿದ ಸಿಲಿಕಾನಿನ ಪ್ಲಗ್ ಉಂಟು, ಬೆಲೆ ಜಾಸ್ತಿ. ಹತ್ತಿ ತುರುಕುವುದು ಸುಮ್ನೆ ಸಮಾಧಾನಕ್ಕೆ ಮಾತ್ರ.

ಚಪ್ಪಲಿ: ಬೇಡ. ಹಳೆಯ, ಕಾಲಿಗೆ ಒಗ್ಗಿದ ಶೂ ಹಾಕಿ. ಹೊಸ ಶೂ ಇನ್ನೂ ಬೇಡ.

ಮನೆಯಲ್ಲಿ: ಅಪ್ಪ ಅಮ್ಮನಿಗೆ "ಬೆಂಗಳೂರಿಗೆ ಸಂದರ್ಶನ" ಅಂತ ಹೇಳಿ ಹೋಗುವವರು ಇದ್ದಾರೆ. ಮಾಡಬೇಡಿ. ರಾತ್ರಿ ಫೋನ್ ಹೋಗದಿದ್ದಾಗ ಅವರಿಗೆ ನೀವು ಎಲ್ಲಿದ್ದೀರಿ ಅಂತ ಗೊತ್ತಿರಬೇಕು. ಮೈದಾನದ ಹೆಸರು, ಉಳಿಯುವ ರೂಮಿನ ವಿಳಾಸ, ಜೊತೆಗೆ ಬರುವವರ ನಂಬರು ಬರೆದು ಕೊಡಿ. ಹೀಗೆ ಕಾಗದದಲ್ಲಿ ಕೊಟ್ಟರೆ ಅರ್ಧ ಗಲಾಟೆ ಅಲ್ಲೇ ನಿಲ್ಲುತ್ತದೆ.

6. ಗೇಟಿನಲ್ಲಿ

ಗೇಟ್ ತೆರೆಯುವ ಹೊತ್ತು, ಶೋ ಶುರುವಾಗುವ ಹೊತ್ತು ಬೇರೆ ಬೇರೆ. ಗೇಟ್ ನಾಲ್ಕಕ್ಕೆ ಅಂದರೆ ಬ್ಯಾಂಡ್ ಎಂಟಕ್ಕೆ ಬರಬಹುದು. ನಡುವೆ ಓಪನಿಂಗ್ ಆ್ಯಕ್ಟ್ ಇರುತ್ತದೆ. ಮುಖ್ಯ ಬ್ಯಾಂಡಿಗೆ ಮೊದಲು ಬಾರಿಸುವ ಬೇರೆ ತಂಡ ಅದು. ಕೇಳಿ ನೋಡಿ, ಕೆಲವು ಸಲ ಅವರೇ ಮನಸ್ಸಿನಲ್ಲಿ ಉಳಿಯುತ್ತಾರೆ.

ಕೈಯಲ್ಲಿ ಇರಬೇಕಾದ್ದು: ಫೋನು, ಫೋಟೋ ಇರುವ ಗುರುತಿನ ಚೀಟಿ, ಸ್ವಲ್ಪ ನಗದು, ಇಯರ್‌ಪ್ಲಗ್, ಮಳೆಯ ದಿನ ಆದರೆ ತೆಳ್ಳಗಿನ ರೇನ್‌ಕೋಟು. ಕೊಡೆ ಒಳಗೆ ಬಿಡುವುದಿಲ್ಲ. ಹೊರಗಿನ ನೀರು, ತಿಂಡಿ, ದೊಡ್ಡ ಬ್ಯಾಗ್, ಹೆಲ್ಮೆಟ್, ಡಿಯೋಡರೆಂಟ್, ಸಿಗರೇಟು ಲೈಟರು ಸಾಮಾನ್ಯವಾಗಿ ಗೇಟಿನಲ್ಲೇ ಉಳಿಯುತ್ತವೆ. ಪವರ್ ಬ್ಯಾಂಕ್ ಕೆಲವು ಕಡೆ ಬಿಡುತ್ತಾರೆ, ಕೆಲವು ಕಡೆ ಇಲ್ಲ. ನಿಯಮದ ಪಟ್ಟಿ ನೋಡಿ. ರೈಲಿನಿಂದ ಇಳಿದು ಬ್ಯಾಗಿನ ಸಮೇತ ನೇರ ಮೈದಾನಕ್ಕೆ ಹೋಗುವುದು ನಮ್ಮ ಊರಿನವರು ಮಾಡುವ ದೊಡ್ಡ ಎಡವಟ್ಟು. ಬ್ಯಾಗ್ ರೂಮಿನಲ್ಲಿಡಿ, ಇಲ್ಲವೇ ಸ್ಟೇಷನ್ನಿನ ಕ್ಲೋಕ್‌ರೂಮಿನಲ್ಲಿ ಇಡಿ. ಅಲ್ಲಿ ಬ್ಯಾಗಿಗೆ ಬೀಗ ಇರಬೇಕು ಅಂತ ಕೇಳುತ್ತಾರೆ.

ಟಿಕೆಟ್ಟಿನ ಕ್ಯೂಆರ್ ಕೋಡನ್ನು ರೂಮಿನಿಂದ ಹೊರಡುವ ಮೊದಲೇ ತೆರೆದು ನೋಡಿ. ಸಾವಿರಾರು ಜನ ಸೇರಿದ ಜಾಗದಲ್ಲಿ ನೆಟ್‌ವರ್ಕ್ ಸಾಯುತ್ತದೆ. ಕೆಲವು ಆ್ಯಪ್‌ಗಳಲ್ಲಿ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ, ಆ್ಯಪಿನ ಒಳಗೇ ತೋರಿಸಬೇಕು. ಒಬ್ಬರ ಫೋನಿನಲ್ಲಿ ನಾಲ್ಕು ಟಿಕೆಟ್ ಇದ್ದರೆ ನಾಲ್ವರೂ ಒಟ್ಟಿಗೇ ಸಾಲಿನಲ್ಲಿ ನಿಲ್ಲಬೇಕು. ಕೈಗೆ ಪಟ್ಟಿ ಕಟ್ಟಿದರೆ ಶೋ ಮುಗಿಯುವ ತನಕ ಬಿಚ್ಚಬೇಡಿ.

ಎಚ್ಚರಿಕೆ: ಜನಜಂಗುಳಿಯಲ್ಲಿ ಅನಾಹುತ ಆಗುವುದು ವೇದಿಕೆಯ ಎದುರು ಮಾತ್ರ ಅಲ್ಲ, ಗೇಟಿನಲ್ಲೂ. 2023ರ ನವೆಂಬರ್ 25ರಂದು ಕೊಚ್ಚಿಯ ಕುಸಾಟ್ ಕ್ಯಾಂಪಸ್ಸಿನಲ್ಲಿ ಹಾಡಿನ ಕಾರ್ಯಕ್ರಮ ಶುರುವಾಗುವ ಮೊದಲೇ ನಾಲ್ವರು ಸತ್ತರು. ಮಳೆ ಬಂತು, ಹೊರಗಿದ್ದವರು ಒಟ್ಟಿಗೆ ಒಳಗೆ ನುಗ್ಗಿದರು, ಗೇಟಿನ ಒಳಗೆ ಕೆಳಕ್ಕೆ ಇಳಿಯುವ ಮೆಟ್ಟಿಲು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ 11 ಜನ ಸತ್ತದ್ದೂ ಗೇಟುಗಳ ಹತ್ತಿರವೇ. ಗೇಟಿನ ಎದುರು ಸಾಲು ಹೋಗಿ ಗುಂಪಾಗಿದೆ, ಹಿಂದಿನಿಂದ ಒತ್ತುತ್ತಿದ್ದಾರೆ ಅಂತ ಕಂಡರೆ ಸೇರಬೇಡಿ. ಬದಿಗೆ ನಿಂತು ಚಾ ಕುಡಿಯಿರಿ. ಎರಡು ಹಾಡು ತಪ್ಪಿದರೆ ತಪ್ಪಲಿ.

7. ಒಳಗೆ

ಹೋದ ಕೂಡಲೇ ಮೂರು ನೋಡಿಟ್ಟುಕೊಳ್ಳಿ: ನೀವು ಬಂದದ್ದಲ್ಲದ ಇನ್ನೊಂದು ಹೊರದಾರಿ, ನೀರು ಸಿಗುವ ಜಾಗ, ಪ್ರಥಮ ಚಿಕಿತ್ಸೆಯ ಟೆಂಟು. ಜೊತೆಗಿರುವವರು ತಪ್ಪಿಹೋದರೆ ಸೇರುವ ಜಾಗವನ್ನೂ ಆಗಲೇ ನಿಶ್ಚಯಿಸಿ. ಮಿಕ್ಸರ್ ಚಪ್ಪರದ ಹಿಂಬದಿ ಒಳ್ಳೆಯ ಗುರುತು, ರಾತ್ರಿಯಲ್ಲೂ ಕಾಣುತ್ತದೆ. ತಿಂಡಿ ಕೌಂಟರಿನಲ್ಲಿ ನಗದು ತೆಗೆದುಕೊಳ್ಳದೆ, ಮೊದಲೇ ಹಣ ತುಂಬಿಸಿದ ಕಾರ್ಡ್ ಅಥವಾ ಕೈಪಟ್ಟಿಯಲ್ಲೇ ವ್ಯವಹಾರ ಮಾಡುವ ಕಡೆಗಳೂ ಉಂಟು. ತುಂಬಿಸುವ ಮೊದಲು ಉಳಿದ ಹಣ ವಾಪಸ್ ಸಿಗುತ್ತದಾ ಕೇಳಿ.

ಮೆಟಲ್ ಬ್ಯಾಂಡ್ ಆದರೆ ಮಾಷ್ ಪಿಟ್ ಆಗುತ್ತದೆ. ಜನರ ನಡುವೆ ಒಂದು ವೃತ್ತ ತೆರೆದು, ಒಳಗಿನವರು ಒಬ್ಬರಿಗೊಬ್ಬರು ಮೈ ತಾಗಿಸಿ ಓಡುವುದು, ತಳ್ಳುವುದು. ಹೊರಗಿನಿಂದ ಹೊಡೆದಾಟದ ಹಾಗೆ ಕಾಣುತ್ತದೆ, ಅಲ್ಲ. ಅಲ್ಲಿ ಕಟ್ಟುನಿಟ್ಟಿನ ಒಂದು ನಿಯಮ ಉಂಟು: ಬಿದ್ದವರನ್ನು ಎಲ್ಲರೂ ಕೂಡಲೇ ಎತ್ತಬೇಕು. ಬೇಡದವರು ವೃತ್ತ ತೆರೆಯುವುದು ಕಂಡ ಕೂಡಲೇ ಹತ್ತು ಹೆಜ್ಜೆ ಹಿಂದೆ ಹೋಗಿ. ಕನ್ನಡಕ ಇದ್ದವರು ಜಾಸ್ತಿ ಹಿಂದೆ ಹೋಗಿ.

ಜನ ಒತ್ತಲು ಶುರು ಮಾಡಿದರೆ ಕೈಗಳನ್ನು ಎದೆಯ ಎದುರು ಮಡಚಿ ಹಿಡಿಯಿರಿ, ಉಸಿರಾಡಲು ಜಾಗ ಉಳಿಯುತ್ತದೆ. ಎದುರು ತಳ್ಳಬೇಡಿ. ಅಲೆ ಮುಂದೆ ಹೋಗಿ ಸಡಿಲ ಆದಾಗ ಓರೆಯಾಗಿ ಬದಿಗೆ ಸರಿಯಿರಿ. ಫೋನ್ ಕೆಳಗೆ ಬಿದ್ದರೆ ಬಗ್ಗಬೇಡಿ, ಅದು ಹೋಗಲಿ. ತಲೆ ತಿರುಗಿದರೆ ಬೇಲಿಯ ಆಚೆ ನಿಂತ ಸೆಕ್ಯೂರಿಟಿಯವರಿಗೆ ಕೈ ಎತ್ತಿ ತೋರಿಸಿ. ಎತ್ತಿ ಹೊರಗೆ ತರುವುದು ಅವರ ಕೆಲಸ, ನಾಚಿಕೆ ಬೇಡ. ಯಾರಾದರೂ ಮೈಮೇಲೆ ಕೈ ಹಾಕಿದರೂ ಅವರಿಗೇ ಹೇಳಿ, ಜೋರಾಗಿ ಹೇಳಿ. ಒಬ್ಬಳೇ ಹೋಗಬಹುದಾ ಅಂತ ಕೇಳಿದವರಿಗೆ ನನ್ನ ಉತ್ತರ: ಹೋಗಬಹುದು. ಮಿಕ್ಸರ್ ಚಪ್ಪರದ ಹತ್ತಿರ ನಿಲ್ಲಿ, ರೂಮಿನ ತನಕದ ಗಾಡಿಯನ್ನು ಮೊದಲೇ ಮಾಡಿಡಿ.

ವಿಡಿಯೋ ಒಂದು ಹಾಡಿಗೆ ಸಾಕು. ಮನೆಗೆ ಬಂದು ನೋಡಿದರೆ ಅದರಲ್ಲಿ ಕೇಳುವುದು ಹೆಚ್ಚಾಗಿ ನಿಮ್ಮದೇ ಬೊಬ್ಬೆ.

ಬ್ಯಾಂಡ್ "ಥ್ಯಾಂಕ್ಯೂ, ಗುಡ್‌ನೈಟ್" ಅಂತ ಹೇಳಿ ಒಳಗೆ ಹೋದರೆ ಹೊರಡಬೇಡಿ. ಮೈದಾನದ ದೊಡ್ಡ ದೀಪಗಳು ಹತ್ತಿದವಾ ನೋಡಿ. ಹತ್ತದಿದ್ದರೆ ಅವರು ವಾಪಸ್ ಬರುತ್ತಾರೆ. ಇದಕ್ಕೆ ಎನ್‌ಕೋರ್ ಅನ್ನುತ್ತಾರೆ, ಅತಿ ದೊಡ್ಡ ಹಾಡನ್ನು ಅಲ್ಲಿಗೇ ಇಟ್ಟಿರುತ್ತಾರೆ.

8. ಮುಗಿದ ಮೇಲೆ

ದೀಪ ಹತ್ತಿದ ಮೇಲೆ ಇಪ್ಪತ್ತು ನಿಮಿಷ ಒಳಗೇ ನಿಲ್ಲಿ. ಎಲ್ಲರೂ ಒಟ್ಟಿಗೆ ಹೊರಗೆ ನುಗ್ಗುವ ಹೊತ್ತು ಅದು, ಆ್ಯಪಿನ ಕ್ಯಾಬ್ ಬೆಲೆಯೂ ಆಗಲೇ ಎರಡರಷ್ಟು, ಮೂರರಷ್ಟು. ಟೀಶರ್ಟ್ ಬೇಕಿದ್ದರೆ ಈಗ ಅಂಗಡಿಯ ಎದುರು ಸಾಲು ಕಡಿಮೆ, ಆದರೆ ನಿಮ್ಮ ಅಳತೆ ಖಾಲಿ ಆಗಿರಬಹುದು. ಖಂಡಿತ ಬೇಕು ಅನ್ನುವವರು ಬಂದ ಕೂಡಲೇ ತೆಗೆದುಕೊಂಡು ಸೊಂಟಕ್ಕೆ ಕಟ್ಟಿಕೊಳ್ಳಿ. ಕ್ಯಾಬಿಗೆ ಗೇಟಿನ ಎದುರೇ ಕಾಯಬೇಡಿ, ಒಂದು ಕಿಲೋಮೀಟರ್ ನಡೆದು ದೊಡ್ಡ ರಸ್ತೆಗೆ ಬಂದು ಕರೆಯಿರಿ. ಕೊನೆಯ ಮೆಟ್ರೋ ಎಷ್ಟಕ್ಕೆ ಅಂತ ಹಗಲೇ ನೋಡಿಟ್ಟಿರಿ. ದೊಡ್ಡ ಶೋ ದಿನಗಳಲ್ಲಿ ಕೆಲವು ಸಲ ಹೊತ್ತು ವಿಸ್ತರಿಸುತ್ತಾರೆ, ಆದರೆ ಆ ಪ್ರಕಟಣೆ ಕಣ್ಣಾರೆ ನೋಡಿದ್ದರೆ ಮಾತ್ರ ನಂಬಿ.

ರೈಲಿನಲ್ಲಿ ಮಲಗುವ ಮೊದಲು ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ. ಆ ನಿದ್ದೆ ಸಾದಾ ನಿದ್ದೆ ಆಗಿರುವುದಿಲ್ಲ. ದಕ್ಷಿಣದಿಂದ ಬರುವವರು ಏಳದಿದ್ದರೆ ಮಂಗಳೂರು, ಮಂಗಳೂರಿನ ಕಡೆಯಿಂದ ಬರುವವರು ಏಳದಿದ್ದರೆ ಪಯ್ಯನ್ನೂರು.

ಮರುದಿನ ಕಿವಿಯಲ್ಲಿ ಸಣ್ಣಗೆ ಗುಂಯ್‌ಗುಡುವುದು ಇರಬಹುದು, ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ಆ ದಿನ ಇಯರ್‌ಫೋನ್ ಹಾಕಬೇಡಿ, ಅದೇ ಹಾಡು ಕೇಳಬೇಕು ಅಂತ ಎಷ್ಟೇ ಅನಿಸಿದರೂ. ಎರಡು ದಿನ ಕಳೆದರೂ ನಿಲ್ಲದಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಒಂದು ಕಿವಿ ಪೂರ್ತಿ ಮಂಕಾಗಿದೆ ಅಂತ ಅನಿಸಿದರೆ ಎರಡು ದಿನವೂ ಕಾಯಬೇಡಿ, ಅದೇ ದಿನ ಹೋಗಿ. ತಡ ಮಾಡಿದಷ್ಟೂ ಚಿಕಿತ್ಸೆ ಹಿಡಿಯುವುದು ಕಷ್ಟ.